ಜಯಮ್ಮನ ಭುಜದ ಮೇಲಿನ ಕೈ

ನಾನು ಎಲ್ಲಿ ನಿಂತಿದ್ದೆ ಎನ್ನುವುದನ್ನು ಮೊದಲು ಸರಿಯಾಗಿ ಹೇಳಿಬಿಡುತ್ತೇನೆ. ಜಂಗಮಕೋಟೆಯಲ್ಲಿ ಮುನಿಶಾಮಪ್ಪನವರ ಮನೆಯ ಹಿತ್ತಲು. ಹಿತ್ತಲಿನ ಮೂಡಣ ಮೂಲೆಯಲ್ಲಿ ಒಂದು ನೀರಿನ ತೊಟ್ಟಿ. ಆ ತೊಟ್ಟಿಗೆ ನನ್ನ ಬೆನ್ನು. ತೊಟ್ಟಿಯಿಂದ ನನಗೆ ಎರಡು ಹೆಜ್ಜೆ. ನನ್ನಿಂದ, ಮುನಿಶಾಮಪ್ಪನವರ ಮಗಳು ಜಯಮ್ಮ ಕೂತಿದ್ದ ಸ್ಟೂಲಿಗೆ ಎಂಟು ಅಡಿ. ಎಂಟು ಅಡಿ ಎನ್ನುವುದು ಅಂದಾಜಲ್ಲ, ದಾರ ಹಿಡಿದು ಅಳೆದದ್ದು. ಅಂದು ಭಾನುವಾರ, ಬೆಳಗ್ಗೆ ಎಂಟೂ ಮುಕ್ಕಾಲು. ವರ್ಷ ಮಾತ್ರ ಐವತ್ತೆಂಟೋ ಐವತ್ತೊಂಬತ್ತೋ ಖಚಿತವಾಗಿ ಹೇಳಲಾರೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವ ಅಭ್ಯಾಸ ನನಗಿಲ್ಲ. ಹಿತ್ತಲಿನಲ್ಲಿ ಆಗ ನಾನು ಮತ್ತು ಜಯಮ್ಮ ಇದ್ದೆವು. ಜಯಮ್ಮನ ಅಜ್ಜಿ ಅಕ್ಕಯಮ್ಮ ರೇಷ್ಮೆ ಹುಳದ ಮನೆಯ ಬಾಗಿಲಲ್ಲಿ ನಿಂತಿದ್ದರು, ಆಮೇಲೆ ಒಳಗೆ ಹೋದರು. ಜಯಮ್ಮನ ಬೆನ್ನ ಹಿಂದೆ ಯಾರೂ ಇರಲಿಲ್ಲ. ಈ ಕೊನೆಯ ಮಾತನ್ನು ನಾನು ಹಲವರ ಮುಂದೆ, ಎರಡು ಸಲ ದೇವರ ಮೇಲೆ ಆಣೆಯಿಟ್ಟು ಹೇಳಿದ್ದೇನೆ.

ನಾನು ಶಿಡ್ಲಘಟ್ಟದ ಮಿಡ್ಲ್ ಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದೆ. ಬೆಂಗಳೂರಿನ ಭಾವಮೈದುನನೊಬ್ಬ ತನಗೆ ಬೇಡವಾದ ಒಂದು ಬಾಕ್ಸ್ ಕ್ಯಾಮೆರಾವನ್ನು ನನಗೆ ಕೊಟ್ಟ ದಿನದಿಂದ ನಾನು ಕಲಾವಿದನೂ ಆದೆ. ಆ ಕ್ಯಾಮೆರಾ ನೋಡಲು ಕರಿ ಬಣ್ಣದ ಇಡ್ಲಿ ಡಬ್ಬಿಯ ಹಾಗಿತ್ತು. ಅದನ್ನು ಹೊಟ್ಟೆಗೆ ಆನಿಸಿಕೊಂಡು, ತಲೆ ಬಗ್ಗಿಸಿ, ಮೇಲಿನ ಬೆರಳಗಲದ ಗಾಜಿನಲ್ಲಿ ನೋಡಬೇಕು. ಆ ಗಾಜಿನೊಳಗೆ ಎಡಗಡೆ ಇದ್ದದ್ದು ಬಲಕ್ಕೆ, ಬಲಗಡೆ ಇದ್ದದ್ದು ಎಡಕ್ಕೆ ಕಾಣುತ್ತದೆ, ಎಲ್ಲವೂ ಮಬ್ಬು. ಎದುರಿಗಿರುವ ಮನುಷ್ಯರನ್ನು ಬಿಟ್ಟು ಸ್ವಂತ ಹೊಟ್ಟೆಯನ್ನೇ ನೋಡುತ್ತ ಫೋಟೋ ತೆಗೆಯುವ ವಿದ್ಯೆ ಅದು. ಈ ಮಾತಿನ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಎಲ್ಲರೂ ತೆಗೆಯುವ ಹಾಗೆ ತೆಗೆದರೆ ಅದು ಕಲೆ ಹೇಗಾದೀತು ಎಂದು ನನ್ನ ವಾದ. ನಮ್ಮ ಹೆಡ್ಮೇಷ್ಟ್ರ ಗಾಂಭೀರ್ಯ ಎದ್ದು ಕಾಣಲಿ ಎಂದು ನೆಲದ ಮೇಲೆ ಮಲಗಿ ಅವರ ಫೋಟೋ ತೆಗೆದೆ. ಎರಡು ಮೂಗಿನ ಹೊಳ್ಳೆಗಳು ಗಂಭೀರವಾಗಿಯೇ ಬಂದವು. ಮುಂದಿನ ವರ್ಷವಿಡೀ ನನಗೆ ಕೊನೆಯ ಪೀರಿಯಡ್ಡೇ ಬಿತ್ತು. ನಂದಿಯ ಹತ್ತಿರ ಬೆಟ್ಟ ಮಂಜಿನಲ್ಲಿ ಮುಳುಗಿದ್ದನ್ನು ಕಂಡು ಮೈಮರೆತು ಮೂರು ಫೋಟೋ ತೆಗೆದಿದ್ದೆ. ಸ್ಟಾಫ್ ರೂಮಿನಲ್ಲಿ ತೋರಿಸಿದಾಗ ಹಿಂದಿ ಮೇಷ್ಟ್ರು ಬಹಳ ಹೊತ್ತು ನೋಡಿ, "ಸುಣ್ಣ ಚೆನ್ನಾಗ್ ಬಳ್ದವ್ರೆ, ಯಾರ್ ಮನೆ ಗೋಡೆ ಸಾರ್?" ಎಂದರು. ಚಿಕ್ಕಬಳ್ಳಾಪುರದ ರೈಲಿನ ಕಿಟಕಿಯಿಂದ ಪ್ರವಾಸದ ಚಿತ್ರಗಳನ್ನು ತೆಗೆದದ್ದುಂಟು; ಎಂಟರಲ್ಲಿ ಐದು ತಂತಿ ಕಂಬಗಳು. ಮಂಚೇನಹಳ್ಳಿಯ ಮದುವೆಯೊಂದರಲ್ಲಿ ಬೀಗರ ಗುಂಪಿನ ಫೋಟೋ ತೆಗೆದಾಗ ತಲೆಗಳೆಲ್ಲ ಹೊರಗೆ ಉಳಿದುಹೋದವು. ಆದರೆ ಪಂಚೆಯ ಜರಿಯ ಒಂದೊಂದು ಎಳೆಯೂ ಎಣಿಸುವ ಹಾಗಿತ್ತು ಎನ್ನುವುದನ್ನು ಯಾರೂ ಹೇಳಲಿಲ್ಲ.

ಇಂಥ ನನ್ನನ್ನು ಮುನಿಶಾಮಪ್ಪನವರು ನಂಬಿದರು. ಶಿಡ್ಲಘಟ್ಟದಲ್ಲಿ ನಾನು ಬಾಡಿಗೆಗಿದ್ದ ಮನೆ ಅವರದು. ಊರಿನಲ್ಲಿ ರೇಷ್ಮೆ ಬೆಳೆ, ಒಬ್ಬಳೇ ಮಗಳು. ಜಯಮ್ಮನಿಗೆ ಆಗಲೇ ಎರಡು ಗಂಡು ಬಂದು ತಪ್ಪಿದ್ದವು. ಮೂರನೆಯದು ಚಿಂತಾಮಣಿಯದು. ಹುಡುಗ ಕೃಷ್ಣಪ್ಪ ಸೊಸೈಟಿಯಲ್ಲಿ ಕೆಲಸದಲ್ಲಿದ್ದ. ಅವನಿಗೆ ತಂದೆಯಿಲ್ಲ, ಎಲ್ಲವನ್ನೂ ನಿರ್ಧರಿಸುವವರು ಸೋದರಮಾವ ವೆಂಕಟರಾಯಪ್ಪ. ಅವರು ಮೊದಲು ಫೋಟೋ ಕಳಿಸಿ ಎಂದಿದ್ದರು.

"ಚಿಕ್ಕಬಳ್ಳಾಪುರದ ಸ್ಟುಡಿಯೋಗೆ ಕರ್ಕೊಂಡೋಗ್ಬೇಕು ಮೇಷ್ಟ್ರೇ," ಎಂದರು ಮುನಿಶಾಮಪ್ಪ. "ಹಿಂದಿನ ಎರಡು ಸಲನೂ ಅಲ್ಲೇ ತೆಗೆಸಿದ್ದು. ಅದೇ ಕುರ್ಚಿ, ಅದೇ ಹೂದಾನಿ, ಹಿಂದುಗಡೆ ಅದೇ ಅರಮನೆ ಪರದೆ. ನನ್ ಮಗಳು ನಂಗೇ ಗುರುತು ಸಿಗ್ಲಿಲ್ಲ."

ನಾನು ಬಿಡುತ್ತೇನೆಯೇ? ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಜಂಗಮಕೋಟೆಯಲ್ಲಿ ಇಳಿದೆ.

ಹಿತ್ತಲಿಗೆ ಕಾಲಿಟ್ಟ ಕೂಡಲೇ ನನ್ನ ಕಣ್ಣು ಚಂದ್ರಿಕೆಗಳ ಮೇಲೆ ಬಿತ್ತು. ಹಣ್ಣಾದ ರೇಷ್ಮೆ ಹುಳುಗಳನ್ನು ಗೂಡು ಕಟ್ಟಲು ಬಿಡುವ ಆಳೆತ್ತರದ ಬಿದಿರಿನ ತಟ್ಟಿ ಅದು. ಮೈಮೇಲೆ ಬಿದಿರಿನ ಪಟ್ಟಿ ಸುತ್ತುತ್ತ ಸುತ್ತುತ್ತ ಒಳಕ್ಕೆ ಹೋಗುತ್ತದೆ. ನಮ್ಮ ಕಡೆ ಅದನ್ನು ದಿನಾ ನೋಡುತ್ತಾರೆ, ಯಾರೂ ನೋಡುವುದಿಲ್ಲ. ಒಂದು ಚಂದ್ರಿಕೆಯಲ್ಲಿ ಹುಳುಗಳು ಆಗಷ್ಟೇ ನೂಲು ಬಿಡತೊಡಗಿದ್ದವು. ಆ ಸುರುಳಿ, ಅದರ ನಡುವೆ ಬಿಳಿ ಚುಕ್ಕೆಗಳು, ಎಳೆ ಬಿಸಿಲು! ಅರಮನೆ ಪರದೆ ಇದರ ಮುಂದೆ ಏನು? ಜಯಮ್ಮನನ್ನು ಇದರ ಮುಂದೆ ಕೂರಿಸಬೇಕು, ಅದೂ ನಟ್ಟನಡುವೆ ಅಲ್ಲ, ಒಂದು ಅಂಚಿಗೆ. ನಡುವೆ ಕೂರಿಸುವುದು ಸ್ಟುಡಿಯೋದವರ ಕೆಲಸ.

ಇದಕ್ಕೆ ಅಡ್ಡ ಬಂದವರು ಅಕ್ಕಯಮ್ಮ. ಮುನಿಶಾಮಪ್ಪನವರ ತಾಯಿ; ಎಪ್ಪತ್ತು ದಾಟಿತ್ತು. ಗಂಡ ಹೋಗಿ ಮೂವತ್ತು ವರ್ಷವಾಗಿದ್ದರೂ ಹುಳದ ಮನೆಯ ಯಜಮಾನಿಕೆ ಅವರದೇ. ಹೊರಗಿನವರು ಹುಳದ ಮನೆಯ ಹೊಸಿಲು ದಾಟುವಂತಿರಲಿಲ್ಲ; ದೃಷ್ಟಿ ತಾಕಿದರೆ ಹುಳ ಗೂಡು ಕಟ್ಟದೆ ಕರಗುತ್ತದೆ ಎಂದು ಅವರ ನಂಬಿಕೆ.

"ಮನುಷ್ಯರ ಎರಡು ಕಣ್ಣಿಗೇ ನಾನು ಬಿಡಲ್ಲ ನಾಯನಾ. ನೀನು ಮೂರನೇ ಕಣ್ಣು ಬೇರೆ ತಂದಿದ್ದೀಯ," ಎಂದರು ನನ್ನ ಡಬ್ಬಿಯನ್ನು ನೋಡುತ್ತ.

"ಒಂದೇ ಒಂದು ಚಂದ್ರಿಕೆ ಅಜ್ಜಿ. ಕಾಲು ಗಂಟೆ ಸಾಕು."

"ಬೀಳಿಸಿದ್ರೆ?"

"ಬೀಳಲ್ಲ."

ಮಗನ ಮುಖ ನೋಡಿ ಒಪ್ಪಿದರು. ದನ ಕಟ್ಟುವ ಕಲ್ಲುಕಂಬಕ್ಕೆ ಚಂದ್ರಿಕೆಯನ್ನು ಆನಿಸಿ ನೆಟ್ಟಗೆ ನಿಲ್ಲಿಸಿದೆ. ಅಪ್ಪ ಅಮ್ಮ ಎದುರಿಗಿದ್ದರೆ ಹುಡುಗಿಯ ಮುಖ ಬಿಗಿಯುತ್ತದೆ ಎನ್ನುವುದು ನನ್ನ ಇನ್ನೊಂದು ಸಿದ್ಧಾಂತ. ಆದ್ದರಿಂದ ಮುನಿಶಾಮಪ್ಪ ದಂಪತಿಗಳನ್ನು ಮುಂದಿನ ಜಗಲಿಗೆ ಕಳಿಸಿದೆ. "ಅಮ್ಮ ಇರ್ತಾಳಲ್ಲ," ಎಂದು ಮುನಿಶಾಮಪ್ಪ ಅಕ್ಕಯಮ್ಮನ ಕಡೆ ತೋರಿಸಿ ಹೋದರು. ದಾರ ಅಳೆದೆ. ತಲೆ ಬಗ್ಗಿಸಿದೆ. ಸ್ವಲ್ಪ ಗಾಳಿ ಬಂತು, ನಿಂತಿತು. ಗುಂಡಿ ಒತ್ತಿದೆ. ನಡೆದದ್ದು ಇಷ್ಟು, ಇದರಲ್ಲಿ ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ ಎಂದು ನಾನು ಒಂದು ತಿಂಗಳಿಗೂ ಹೆಚ್ಚು ಕಾಲ ನಂಬಿಕೊಂಡಿದ್ದೆ.

ಫೋಟೋ ಬಂದಾಗ ನನ್ನ ಕಣ್ಣಲ್ಲಿ ನೀರು ಬಂತು. ಸುರುಳಿ ಎಂಥ ಚೆನ್ನಾಗಿ ಬಂದಿತ್ತು! ಗೂಡುಗಳ ಬಿಳುಪು, ಬಿದಿರಿನ ನೆರಳು, ಒಂದೊಂದನ್ನೂ ಭೂತಗನ್ನಡಿ ಹಿಡಿದು ನೋಡಿದೆ. ಜಯಮ್ಮನೂ ಚೆನ್ನಾಗಿಯೇ ಇದ್ದಳು. ಮುನಿಶಾಮಪ್ಪನವರಿಗೆ ಕೊಡುವವರೆಗೂ ಮನಸ್ಸು ತಡೆಯದೆ, ಚಿಂತಾಮಣಿಯ ವಿಳಾಸಕ್ಕೆ ನಾನೇ ನೇರವಾಗಿ ಅಂಚೆಗೆ ಹಾಕಿಬಿಟ್ಟೆ.

ಎಂಟನೆಯ ದಿನ ಜಂಗಮಕೋಟೆಗೆ ಉತ್ತರ ಬಂತು. ವೆಂಕಟರಾಯಪ್ಪನವರು ಚಿಂತಾಮಣಿಯ ಕಚೇರಿಯ ಮುಂದೆ ಕೂತು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದವರು. ಅವರ ಬರವಣಿಗೆಯೇ ಹಾಗೆ. "ಕನ್ಯೆಯ ಭಾವಚಿತ್ರ ತಲುಪಿತು. ಸದರಿ ಕನ್ಯೆಯ ಎಡ ಭುಜದ ಮೇಲೆ ಕೈಯಿಟ್ಟಿರುವ ಗಂಡಸು ಯಾರು ಎಂಬುದನ್ನು ತಿಳಿಸುವುದು." ಇದನ್ನು ಅವರು ಬರೆದದ್ದು ಕಾರ್ಡಿನಲ್ಲಿ. ಅಂಚೆಯವನು ಓದಿ ಮುನಿಶಾಮಪ್ಪನವರ ಕೈಗೆ ಕೊಡುವಷ್ಟರಲ್ಲಿ ಊರಿನ ಅರ್ಧ ಭಾಗಕ್ಕೆ ವಿಷಯ ಗೊತ್ತಾಗಿತ್ತು. ಉಳಿದ ಅರ್ಧ ಸಂಜೆ ಹಾಲು ಹಾಕಲು ಬಂದಾಗ ತಿಳಿದುಕೊಂಡಿತು.

ನಾನು ನನ್ನಲ್ಲಿದ್ದ ಇನ್ನೊಂದು ಪ್ರತಿಯನ್ನು ತೆಗೆದು ನೋಡಿದೆ. ಕೈ ಇತ್ತು. ಚಂದ್ರಿಕೆಯ ಅಂಚಿನ ಹಿಂದಿನಿಂದ ಬಂದು, ಅಂಚನ್ನು ಹಿಡಿದಿದ್ದ ನಾಲ್ಕು ಬೆರಳು. ಫೋಟೋದಲ್ಲಿ ಅವು ಸರಿಯಾಗಿ ಜಯಮ್ಮನ ಎಡ ಭುಜದ ಮೇಲೆ ಕೂತಿದ್ದವು. ದಪ್ಪ ಗೆಣ್ಣು, ಸವೆದ ಉಗುರು, ಕಿರುಬೆರಳು ಸ್ವಲ್ಪ ಹೊರಕ್ಕೆ ಸೊಟ್ಟ. ಅಂಚಿನಾಚೆ ಎರಡು ಬೆರಳಗಲ ಮಣಿಕಟ್ಟೂ ಕಾಣುತ್ತಿತ್ತು. ಅದರಲ್ಲಿ ಬಳೆಯಿಲ್ಲ. ಬಳೆಯಿಲ್ಲದ ಮೇಲೆ ಗಂಡಸಿನ ಕೈ. ಇದಕ್ಕೆ ನನ್ನಲ್ಲಾಗಲೀ ಊರಿನಲ್ಲಾಗಲೀ ಚಿಂತಾಮಣಿಯಲ್ಲಾಗಲೀ ಎರಡನೆಯ ಅಭಿಪ್ರಾಯವಿರಲಿಲ್ಲ. ಈ ಫೋಟೋ ಹೀಗೇ ಹಿಂದಕ್ಕೆ ಬಂದರೆ, ಸುತ್ತಲ ನಾಲ್ಕು ತಾಲ್ಲೂಕಿನಲ್ಲಿ ಆ ಹುಡುಗಿಯನ್ನು ಕೇಳಲು ಮತ್ತೊಬ್ಬರು ಬರುವುದಿಲ್ಲ ಎನ್ನುವುದೂ ಎಲ್ಲರಿಗೂ ಗೊತ್ತಿತ್ತು.

ಮೊದಲು ನನ್ನ ಅನುಮಾನ ಸ್ಟುಡಿಯೋದ ಬಾಷಾ ಸಾಹೇಬರ ಮೇಲೆ ಹೋಯಿತು. ಫಿಲ್ಮು ತೊಳೆದು ಪ್ರಿಂಟು ಹಾಕಿದವರು ಅವರೇ. ಮುನಿಶಾಮಪ್ಪನವರ ಗಿರಾಕಿ ಕೈತಪ್ಪಿದ ಹೊಟ್ಟೆಕಿಚ್ಚೂ ಇರಬಹುದು. ಚಿಕ್ಕಬಳ್ಳಾಪುರಕ್ಕೆ ಹೋಗಿ ನೇರವಾಗಿ ಕೇಳಿದೆ.

ಅವರು ನೆಗೆಟಿವನ್ನು ಬೆಳಕಿಗೆ ಹಿಡಿದು, "ಇದರಲ್ಲೇ ಇದೆ ನೋಡಿ ಮೇಷ್ಟ್ರೇ. ಮುಖದ ಮೇಲೆ ಮೊಡವೆ ಇದ್ರೆ ತೆಗಿಯೋಕೆ ನಂಗೆ ಗೊತ್ತು. ಇಲ್ಲದ ಕೈ ಸೇರ್ಸೋಕೆ ಬಂದಿದ್ರೆ ನಾನ್ಯಾಕೆ ಇಲ್ಲಿ ಕೂತಿರ್ತಿದ್ದೆ?" ಎಂದರು. ಆಮೇಲೆ ನನ್ನನ್ನೇ ಒಂದು ತೆರನಾಗಿ ನೋಡಿ, "ಫೋಟೋ ತೆಗಿಯೋವಾಗ ನೀವು ಯಾರನ್ನ ನೋಡ್ತಾ ಇದ್ರಿ?" ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಏನೋ ಕುಹಕವಿದೆ ಎಂದು ಎದ್ದು ಬಂದೆ.

ಆಮೇಲಿನ ಹದಿನೈದು ದಿನ ನಾನು ಮನುಷ್ಯರ ಮುಖ ನೋಡಿದ್ದು ನೆನಪಿಲ್ಲ, ಕೈಗಳನ್ನೇ ನೋಡಿದೆ. ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿದಾಗ ಕಿರುಬೆರಳು. ಅಂಚೆಯವನು ಕಾಗದ ಕೊಟ್ಟಾಗ ಕಿರುಬೆರಳು. ಗೌರಿಬಿದನೂರಿನಿಂದ ಇನ್ಸ್‌ಪೆಕ್ಟರು ಶಾಲೆ ನೋಡಲು ಬಂದಾಗ, ಕೈಮುಗಿದ ಅವರ ಕೈಯನ್ನು ನಾನು ಹಿಡಿದು ತಿರುಗಿಸಿ ನೋಡಿದೆನಂತೆ. ಹೆಡ್ಮೇಷ್ಟ್ರು ಹೇಳಿ ನನಗೆ ಗೊತ್ತಾದದ್ದು. ಮುನಿಶಾಮಪ್ಪನವರ ಆಳು ನಾರೆಪ್ಪನ ಮೇಲೆ ನನಗೆ ಬಲವಾದ ಗುಮಾನಿಯಿತ್ತು. ಆದರೆ ಆ ಬೆಳಗ್ಗೆ ಅವನು ಗಾಡಿ ಕಟ್ಟಿಕೊಂಡು ಶಿಡ್ಲಘಟ್ಟಕ್ಕೆ ಹೋಗಿದ್ದ. ದಾರಿಯಲ್ಲಿ ನನ್ನ ಬಸ್ಸಿಗೇ ಅಡ್ಡ ಬಂದಿದ್ದನ್ನು ನಾನೇ ಕಂಡಿದ್ದೆ. ಊರಿನವರ ಗುಮಾನಿ ಇನ್ನೊಂದು ದಿಕ್ಕಿಗೆ ಹೊರಳಿತು. ಅಂಗಡಿಯ ಮುಂದೆ ನನ್ನ ಬೆನ್ನಿಗೆ ಕೇಳುವ ಹಾಗೆ ಒಬ್ಬ, "ಮೇಷ್ಟ್ರದೇ ಕೈ ಕಣಪ್ಪ," ಎಂದ. "ತೆಗೆಯೋನ ಕೈ ಒಳಗೆ ಹೆಂಗ್ ಬರ್ತದೆ?" ಎಂದು ಇನ್ನೊಬ್ಬ. "ಲೆಕ್ಕದ ಮೇಷ್ಟ್ರು. ಎಲ್ಲಿಂದ ಎಲ್ಲಿಗೆ ಬೇಕಾದ್ರೂ ತರ್ತಾರೆ."

ಅಕ್ಕಯಮ್ಮನನ್ನೂ ಕೇಳಿದೆ. ಅವರು ಸೊಪ್ಪು ಹೆಚ್ಚುತ್ತ ತಲೆಯೆತ್ತದೆ, "ನಾನು ಯಾರನ್ನೂ ಕಾಣೆ," ಎಂದರು. ಜಯಮ್ಮನನ್ನು ಕೇಳಿದರೆ ಅವಳು ಅಜ್ಜಿಯ ಮುಖ ನೋಡಿ, "ನಂಗೆ ಗೊತ್ತಿಲ್ಲ ಸಾರ್," ಎಂದಳು. ಅವಳ ಕಣ್ಣು ಊದಿಕೊಂಡಿತ್ತು. ನೋಡಿ, ಅಂಥ ಹೊತ್ತಿನಲ್ಲೂ ನನಗೆ ಹೊಳೆದದ್ದು, ಹುಡುಗಿ ಏನೋ ಮುಚ್ಚಿಡುತ್ತಿದ್ದಾಳೆ ಎಂದೇ. ಅದು ನಿಜವೂ ಆಗಿತ್ತು. ಆದರೆ ನಾನು ಅಂದುಕೊಂಡದ್ದು ಬೇರೆ.

ಮೂರನೆಯ ವಾರ ವೆಂಕಟರಾಯಪ್ಪನವರೇ ಬಂದಿಳಿದರು. ಜೊತೆಗೆ ಹುಡುಗ ಕೃಷ್ಣಪ್ಪನೂ ಇದ್ದ. ಮಾವನ ಹಿಂದೆ ಎರಡು ಹೆಜ್ಜೆ ದೂರದಲ್ಲಿ, ಛತ್ರಿ ಹಿಡಿದುಕೊಂಡು. ನನ್ನನ್ನೂ ಕರೆಸಿದ್ದರು. ವೆಂಕಟರಾಯಪ್ಪನವರು ಕಾಫಿ ಮುಟ್ಟಲಿಲ್ಲ. "ಸ್ಥಳ ತೋರ್ಸಿ," ಎಂದರು.

ನಾನು ತೋರಿಸಿದೆ. ತೊಟ್ಟಿ, ಎರಡು ಹೆಜ್ಜೆ, ಎಂಟು ಅಡಿ. ಹೊಸ ಹುಳು ಬಿಟ್ಟಿದ್ದ ಒಂದು ಚಂದ್ರಿಕೆಯನ್ನು ಅದೇ ಕಂಬಕ್ಕೆ ಆನಿಸಿದರು. "ಬೆನ್ನ ಹಿಂದೆ ಯಾರೂ ಇರಲಿಲ್ಲ. ನಂದೀಶ್ವರನ ಆಣೆ," ಎಂದೆ. ವೆಂಕಟರಾಯಪ್ಪನವರು ಫೋಟೋವನ್ನು ಒಂದು ಕೈಯಲ್ಲಿ ಹಿಡಿದು, ಮನೆಯ ಗಂಡಸರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಚಂದ್ರಿಕೆಯ ಅಂಚು ಹಿಡಿಸಿದರು. ಮುನಿಶಾಮಪ್ಪ. ನಾರೆಪ್ಪ. ಎದುರುಮನೆಯವರು. ಸುಮ್ಮನೆ ನೋಡಲು ಬಂದಿದ್ದ ಅಂಚೆಯವನು. "ಬೆರಳು ಇನ್ನೂ ಮೇಲೆ. ಹಾಂ, ಅಲ್ಲೇ. ಇವರದಲ್ಲ. ಮುಂದಿನವರು." ನನ್ನ ಕೈಯನ್ನೂ ಇಡಿಸಿದರು. ಸೀಮೆಸುಣ್ಣ ಹಿಡಿದ ಕೈ, ಬೆಂಡೆಕಾಯಿಯ ಹಾಗಿತ್ತು. ಎಲ್ಲರೂ ಮುಗಿದ ಮೇಲೆ ಅವರು ಫೋಟೋವನ್ನು ಕವರಿನೊಳಗೆ ಇಟ್ಟು ಮುನಿಶಾಮಪ್ಪನವರ ಕಡೆ ಚಾಚಿದರು.

"ತಪ್ಪು ತಿಳ್ಕೋಬೇಡಿ ಯಜಮಾನರೇ. ಇಲ್ಲಿರೋರ ಕೈ ಅಲ್ಲ ಅಂದ್ಮೇಲೆ, ಇಲ್ಲಿ ಇರಬಾರದೋರ ಕೈ. ಇದನ್ನ ನೀವೇ ಇಟ್ಕೊಳ್ಳಿ."

ಮುನಿಶಾಮಪ್ಪನವರ ಕೈ ಮೇಲೇಳಲಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ಯಾರೋ ಬಿಕ್ಕಿದರು. ಆಗ ಗಾಳಿ ಬಂತು.

ಚಂದ್ರಿಕೆ ಕಂಬದಿಂದ ಪಕ್ಕಕ್ಕೆ ಜಾರಿತು. ಹತ್ತು ಗಂಡಸರು "ಅಯ್ಯೋ" ಎಂದು ನಿಂತಲ್ಲೇ ನಿಂತೆವು. ಹುಳದ ಮನೆಯಿಂದ ಅಕ್ಕಯಮ್ಮ ಓಡಿಬಂದರು. ಎಪ್ಪತ್ತು ದಾಟಿದವರು ಹಾಗೆ ಓಡಿದ್ದನ್ನು ನಾನು ಕಂಡಿಲ್ಲ. ಕಂಬದ ಹಿಂದೆ ಹೋಗಿ, ಬೀಳುತ್ತಿದ್ದ ಅಂಚನ್ನು ಹಿಡಿದು ನಿಲ್ಲಿಸಿದರು. ನಾಲ್ಕು ಬೆರಳು. ಐವತ್ತು ವರ್ಷ ಹಿಪ್ಪುನೇರಳೆ ಸೊಪ್ಪು ಹೆಚ್ಚಿದ ಗೆಣ್ಣು. ಸೊಟ್ಟ ಕಿರುಬೆರಳು. ಮೂವತ್ತು ವರ್ಷದಿಂದ ಬಳೆ ಕಾಣದ ಮಣಿಕಟ್ಟು.

ವೆಂಕಟರಾಯಪ್ಪನವರು ನಿಧಾನವಾಗಿ ಫೋಟೋವನ್ನು ಕವರಿನಿಂದ ಮತ್ತೆ ಹೊರಗೆ ತೆಗೆದರು.

"ಅಮ್ಮಾ! ನೀನಾ? ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ?" ಎಂದರು ಮುನಿಶಾಮಪ್ಪ.

ಅಕ್ಕಯಮ್ಮ ಚಂದ್ರಿಕೆಯ ಹಿಂದಿನಿಂದ ಹೊರಗೆ ಬರಲಿಲ್ಲ. ಅಲ್ಲಿಂದಲೇ ಹೇಳಿದರು: "ಏನಂತ ಬಿಡ್ಲಿ? ಮದುವೆ ಫೋಟೋದಾಗೆ ಮುಂಡೆ ಕೈ ಬಿದ್ದದೆ ಅಂತಲಾ? ಗಂಡಸಿನ ಕೈ ಅಂದ್ರೆ ಇವತ್ತಲ್ಲ ನಾಳೆ ಸುಳ್ಳು ಅಂತ ತಿಳೀತದೆ. ನಂದು ಅಂದ್ರೆ ಅದು ನಿಜ ಅಲ್ವೇನಪ್ಪ? ಆ ಮಗೀಗೂ ನಾನೇ ಆಣೆ ಹಾಕ್ಸಿದ್ದೆ, ಹೇಳ್ಬೇಡ ಅಂತ."

ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಎರಡು ಸಲ ಆಣೆಯಿಟ್ಟಿದ್ದೆನಲ್ಲ, ನನ್ನ ಸಾಕ್ಷಿಯ ಮರ್ಯಾದೆ ನನಗೆ ಮುಖ್ಯವಾಯಿತು. "ಅದ್ಸರಿ ಅಜ್ಜಿ, ನೀವು ನಂಗೆ ಹೇಳದೆ ಕೇಳದೆ ಯಾಕೆ ಹಿಂದೆ ಹೋದ್ರಿ?" ಎಂದೆ.

ಆಗ ಅವರು ಅಂಚಿನ ಪಕ್ಕದಿಂದ ಮುಖ ಹೊರಗೆ ಹಾಕಿದರು. "ನೀನೇ ಕರೆದ್ಯಲ್ಲೋ ನಾಯನಾ! ಗಾಳಿಗೆ ಅಲ್ಲಾಡ್ತು. ನೀನು ತಲೆ ಬಗ್ಗಿಸ್ಕೊಂಡೇ, ‘ಯಾರಾದ್ರೂ ಹಿಂದುಗಡೆ ಹಿಡ್ಕೊಳ್ರೀ. ಅಲ್ಲಾಡಬೇಡಿ, ಉಸಿರು ಬಿಡಬೇಡಿ, ಅಲ್ಲಿ ಯಾರೋ ಇದ್ದಾರೆ ಅಂತ ಯಾರಿಗೂ ಗೊತ್ತಾಗಬಾರದು’ ಅಂದೆ. ಹಿಡ್ಕೊಂಡೆ. ನೀನು ಡಬ್ಬಿ ಎತ್ಕೊಂಡು ಹೊರಟೇ ಹೋದೆ. ಬಿಡ್ರೀ ಅಂತಲೂ ಅನ್ಲಿಲ್ಲ. ಬಸ್ಸು ಹೋದ ಸದ್ದು ಕೇಳಿದ ಮೇಲೆ ನಾನೇ ಬಿಟ್ಟೆ."

ನನಗೆ ಆಗ, ಆ ಕ್ಷಣದಲ್ಲಿ, ನನ್ನದೇ ದನಿ ಕೇಳಿಸಿತು. ಹೌದು, ಹಾಗೆ ಅಂದಿದ್ದೆ. ಗಾಳಿ ನಿಂತದ್ದಲ್ಲ; ಚಂದ್ರಿಕೆಯನ್ನು ನಿಲ್ಲಿಸಿದವರಿದ್ದರು. ಎಂಟು ಅಡಿಯನ್ನು ದಾರ ಹಿಡಿದು ಅಳೆದ ನಾನು, ಬೆಳಕು ನೋಡಿದ ನಾನು, ಒಬ್ಬರನ್ನು ಕರೆದು ನಿಲ್ಲಿಸಿ, ಅವರು ಬಂದು ನಿಂತದ್ದನ್ನು ನೋಡಿರಲಿಲ್ಲ. ನನಗೆ ಅವರು ಇನ್ನೊಂದು ಕಲ್ಲುಕಂಬವಾಗಿದ್ದರು, ಅಷ್ಟೇ.

ವೆಂಕಟರಾಯಪ್ಪನವರು ಫೋಟೋವನ್ನೂ ಕೈಯನ್ನೂ ಇನ್ನೂ ಹೋಲಿಸುತ್ತಿದ್ದರು. ಮುಂಡೆ ಕೈ ಎನ್ನುವ ಮಾತು ಅವರಿಗೂ ಇರುಸುಮುರುಸು ತಂದಿತ್ತೆಂದು ಕಾಣುತ್ತದೆ. ಹುಬ್ಬು ಬಿಚ್ಚಿರಲಿಲ್ಲ. ಅಲ್ಲಿಯವರೆಗೆ ಒಂದು ಮಾತೂ ಆಡದಿದ್ದ ಕೃಷ್ಣಪ್ಪ ಛತ್ರಿಯನ್ನು ಗೋಡೆಗೆ ಆನಿಸಿಟ್ಟು ಮುಂದೆ ಬಂದ. ಚಂದ್ರಿಕೆಯ ಇನ್ನೊಂದು ಅಂಚು ಹಿಡಿದುಕೊಂಡು, "ನೀವು ಬಿಡಿ ಅಜ್ಜಿ, ನಾನು ಹಿಡ್ಕೊಂಡಿದ್ದೀನಿ," ಎಂದ. ಆಮೇಲೆ ಸೋದರಮಾವನ ಕಡೆ ತಿರುಗಿ, "ನನ್ನನ್ನ ಸಾಕಿದ್ದೂ ಬಳೆಯಿಲ್ಲದ ಕೈಯೇ ಅಲ್ವ ಮಾವ?" ಎಂದ. ವೆಂಕಟರಾಯಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು. ಕೊನೆಗೆ, "ಆರಿದ್ರೂ ಪರವಾಗಿಲ್ಲ, ಆ ಕಾಫಿ ತನ್ನಿ," ಎಂದರು.

ಮದುವೆಯಾಯಿತು. ಫೋಟೋ ತೆಗೆಯಲು ಬಾಷಾ ಸಾಹೇಬರನ್ನು ಕರೆಸಿದ್ದರು. ಅದು ಸರಿಯಾಗಿಯೇ ಇತ್ತು. ನಾನು ಅಕ್ಕಯಮ್ಮನ ಮುಂದೆ ನಿಂತು, ನಿಮ್ಮದೊಂದು ಪೂರ್ತಿ ಫೋಟೋ ತೆಗೆಯುತ್ತೇನೆ ಎಂದು ಬೇಡಿಕೊಂಡೆ. "ಒಂದು ಕೈ ತೆಗೆದಿದ್ದಕ್ಕೇ ಇಷ್ಟಾಯ್ತು. ಪೂರ್ತಿ ತೆಗೆದ್ರೆ ಊರು ಉಳೀತದಾ?" ಎಂದು ನಕ್ಕು ಹುಳದ ಮನೆಗೆ ಹೋದರು. ಆರೇಳು ವರ್ಷದ ಮೇಲೆ ಅವರು ತೀರಿಕೊಂಡಾಗ ಮನೆಯಲ್ಲಿ ಹುಡುಕಿದರೆ ಅವರ ಚಿತ್ರ ಇನ್ನೊಂದಿಲ್ಲ. ಇದ್ದದ್ದು ಆ ಕೈ. ಚಿಂತಾಮಣಿಯಲ್ಲಿ ಜಯಮ್ಮನ ನಡುಮನೆಯಲ್ಲಿ ಆ ಫೋಟೋ ಈಗಲೂ ಇದೆ. ಅದಕ್ಕೆ ಹಾರ ಹಾಕುವಂತಿಲ್ಲ. ಹಾಕಿದರೆ ಬದುಕಿರುವ ಜಯಮ್ಮನಿಗೆ ಹಾಕಿದಂತಾಗುತ್ತದೆ. ಆದ್ದರಿಂದ ಅಜ್ಜಿಯ ತಿಥಿಯ ದಿನ ಚೌಕಟ್ಟಿನ ಅಂಚಿಗೆ, ಕೈ ಇರುವ ಕಡೆಗೆ, ಒಂದು ಹಿಪ್ಪುನೇರಳೆ ಎಲೆ ಸಿಕ್ಕಿಸುತ್ತಾಳೆ.

ಇದನ್ನು ಕಣ್ಣಾರೆ ಕಂಡವರಲ್ಲಿ ಮುನಿಶಾಮಪ್ಪ ದಂಪತಿಗಳು ಹೋದರು. ವೆಂಕಟರಾಯಪ್ಪನವರೂ ಹೋದರು. ನಾರೆಪ್ಪ ಎಲ್ಲಿದ್ದಾನೋ ತಿಳಿಯದು. ಇವತ್ತಿಗೂ ಇರುವವರು ಚಿಂತಾಮಣಿಯ ಜಯಮ್ಮ, ಅವಳ ಯಜಮಾನರು ಕೃಷ್ಣಪ್ಪ; ಸಂಶಯವಿದ್ದವರು ಅವರನ್ನು ಕೇಳಬಹುದು. ನಾನೂ ಇದ್ದೇನೆ. ಆದರೆ ಕಂಡವರ ಪಟ್ಟಿಯಲ್ಲಿ ನನ್ನನ್ನು ಸೇರಿಸಬೇಡಿ. ನಾನು ಎಂಟು ಅಡಿ ದೂರದಲ್ಲಿ ನಿಂತಿದ್ದೆ, ಅಷ್ಟೇ.